ಆಟದೊಳಗಿನ ಏಣಿ

ಭಟ್ಕಳದಿಂದ ಹೊನ್ನಾವರ, ಹೊನ್ನಾವರದಿಂದ ಕುಮಟೆಯವರೆಗಿನ ಕರಾವಳಿಯಲ್ಲಿ ‘ಆಟ’ ಎಂಬ ಮಾತಿಗೆ ಬಹುಕಾಲ ಒಂದು ವಿಶೇಷವಾದ ಅರ್ಥವಿತ್ತು. “ಇವತ್ತು ರಾತ್ರಿ ಆಟ ಇದ್ದು” ಎಂದು ಯಾರಾದರೂ ಹೇಳಿದರೆ, ಕೇಳಿದವರು ‘ಯಾವ ಆಟ?’ ಎಂದು ವಿಚಾರಿಸುತ್ತಿರಲಿಲ್ಲ; ‘ಯಾವ ಪ್ರಸಂಗ?’ ಎಂದೇ ವಿಚಾರಿಸುತ್ತಿದ್ದರು. ಆಟವೆಂದರೆ ಯಕ್ಷಗಾನ. ಗದ್ದೆಯ ಕೊಯ್ಲು ಮುಗಿದ ಮೇಲೆ ಆರಂಭವಾಗಿ ಮಳೆಗಾಲ ಹಿಡಿಯುವವರೆಗೆ ಊರಿಂದ ಊರಿಗೆ ಸಂಚರಿಸುವ ಮೇಳಗಳ ಬಯಲಾಟ.

ಈಗ ಅದೇ ಊರುಗಳಲ್ಲಿ ಆ ಮಾತಿಗೆ ಮತ್ತೊಂದು ಅರ್ಥವೂ ಸೇರಿದೆ. ಗಣಕಯಂತ್ರದಲ್ಲಿಯೋ ಮೊಬೈಲಿನಲ್ಲಿಯೋ ಅಂತರಜಾಲದ ಮೂಲಕ ನೂರಾರು ಸಾವಿರಾರು ಜನ ಒಟ್ಟಿಗೆ ಸೇರಿ ಆಡುವ ಪಾತ್ರಧಾರಣೆಯ ಆಟಗಳನ್ನು ನಿಮ್ಮಲ್ಲಿ ಹಲವರು ಬಲ್ಲಿರಿ. ಮೇಲುನೋಟಕ್ಕೆ ಇವೆರಡಕ್ಕೂ ಯಾವ ಸಂಬಂಧವೂ ತೋರದು. ಆದರೆ ವೇಷ ತೊಡುವುದು, ತನ್ನದಲ್ಲದ ಹೆಸರಿನಲ್ಲಿ ಯುದ್ಧ ಹೂಡುವುದು, ಹಲವರು ಕೂಡಿ ಒಂದು ಕಥೆಯನ್ನು ನಡೆಸುವುದು ಎರಡರಲ್ಲಿಯೂ ಉಂಟು. ಅದಕ್ಕಿಂತಲೂ ಮುಖ್ಯವಾಗಿ, ಎರಡನ್ನೂ ಕಾಡುವ ಪ್ರಶ್ನೆ ಒಂದೇ ಆಗಿದೆ. ಹೊತ್ತು ಕಳೆಯಲು ಸುಮ್ಮನೆ ಬಂದವನಿಗೂ, ಅತ್ಯಂತ ಕಠಿಣವಾದುದನ್ನು ಸಾಧಿಸಲೆಂದೇ ಬಂದವನಿಗೂ ಒಂದೇ ಆಟ ಹೇಗೆ ತೃಪ್ತಿ ಕೊಡಬಲ್ಲುದು?

ಗಣಕಯಂತ್ರದ ಆಟದ ಕಥೆಯನ್ನು ಮೊದಲು ನೋಡೋಣ. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಷಾ ಎಂಬ ವಿದ್ಯಾರ್ಥಿ ‘ಮಡ್’ ಎಂಬ ಆಟವನ್ನು ರಚಿಸತೊಡಗಿದನು. ಅವನ ಜೊತೆಗಾರ ರಿಚರ್ಡ್ ಬಾರ್ಟಲ್ ಅದನ್ನು ಬೆಳೆಸಿದನು. ಅದರಲ್ಲಿ ಚಿತ್ರಗಳಿರಲಿಲ್ಲ. ‘ನೀನು ಕಾಡಿನ ದಾರಿಯಲ್ಲಿರುವೆ’ ಎಂಬಂಥ ಬರೆಹ ತೆರೆಯ ಮೇಲೆ ಮೂಡುತ್ತಿತ್ತು. ಆಡುವವನು ತಾನು ಮಾಡುವ ಕೆಲಸವನ್ನು ಅಕ್ಷರಗಳಲ್ಲಿಯೇ ತಿಳಿಸಬೇಕಾಗಿತ್ತು. ಆದರೂ ಹಲವು ಮಂದಿ ಏಕಕಾಲದಲ್ಲಿ ಒಂದೇ ಕಾಲ್ಪನಿಕ ಜಗತ್ತಿನಲ್ಲಿ ಓಡಾಡಬಹುದೆಂಬುದು ಅಲ್ಲಿ ಸಾಧಿತವಾಯಿತು. ಹಲವು ವರ್ಷ ಆಡುವವರನ್ನು ಗಮನಿಸಿದ ಬಾರ್ಟಲ್, 1996ರಲ್ಲಿ ಪ್ರಕಟಿಸಿದ ಒಂದು ಲೇಖನದಲ್ಲಿ ಅವರನ್ನು ನಾಲ್ಕು ಬಗೆಯಾಗಿ ವಿಂಗಡಿಸಿದನು. ಕೆಲವರು ಅಂಕ, ಸಂಪತ್ತು, ಪದವಿಗಳನ್ನು ಗಳಿಸಲು ಬರುತ್ತಾರೆ. ಕೆಲವರು ಆ ಜಗತ್ತಿನ ಮೂಲೆಮೂಲೆಗಳನ್ನು ಹುಡುಕಲು ಬರುತ್ತಾರೆ. ಕೆಲವರಿಗೆ ನಾಲ್ಕು ಜನರೊಡನೆ ಮಾತಾಡುವುದೇ ಸುಖ. ಇನ್ನು ಕೆಲವರಿಗೆ ಇತರರನ್ನು ಸೋಲಿಸುವುದೇ ಸಂತೋಷ. ಒಂದು ಬಗೆಯವರು ಅತಿಯಾಗಿ ಹೆಚ್ಚಿದರೆ ಬೇರೆ ಬಗೆಯವರು ಆಟವನ್ನು ಬಿಟ್ಟು ಹೋಗುತ್ತಾರೆಂಬುದೂ ಅವನು ಕಂಡುಕೊಂಡ ವಿಷಯ.

ಆಟ ಕಟ್ಟುವವರಿಗೆ ಇದೊಂದು ಇಕ್ಕಟ್ಟು. ಸುಲಭ ಮಾಡಿದರೆ ನಿಪುಣರು ಬೇಸರಗೊಳ್ಳುವರು. ಕಠಿಣ ಮಾಡಿದರೆ ಹೊಸಬರು ಹೊಸ್ತಿಲಲ್ಲಿಯೇ ಹಿಂದಿರುಗುವರು. 1999ರಲ್ಲಿ ಹೊರಬಂದ ‘ಎವರ್‌ಕ್ವೆಸ್ಟ್’ ಎಂಬ ಆಟ ಎರಡನೆಯ ದಾರಿಗೆ ಹತ್ತಿರವಾಗಿತ್ತು. ಅದರಲ್ಲಿ ಪಾತ್ರ ಸತ್ತರೆ ಬಹಳ ಹೊತ್ತು ಆಡಿ ಗಳಿಸಿದ ಅನುಭವಾಂಕಗಳಲ್ಲಿ ಒಂದು ಪಾಲು ನಷ್ಟವಾಗುತ್ತಿತ್ತು. ಆಯುಧ, ಕವಚಗಳೆಲ್ಲ ಸತ್ತ ಜಾಗದಲ್ಲಿ ಉಳಿಯುತ್ತಿದ್ದು, ಬರಿಗೈಯಲ್ಲಿ ಅಲ್ಲಿಗೆ ಮರಳಿ ಹೋಗಿ ಅವುಗಳನ್ನು ತರಬೇಕಾಗುತ್ತಿತ್ತು. 2004ರ ನವೆಂಬರಿನಲ್ಲಿ ಬಂದ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಈ ಶಿಕ್ಷೆಯನ್ನು ಬಹಳ ಮಟ್ಟಿಗೆ ತಗ್ಗಿಸಿತು. ಒಬ್ಬನೇ ಆಡಿದರೂ ಮೇಲೇರಲು ದಾರಿಯಿತ್ತು. ಬಾಗಿಲು ಅಗಲವಾದುದರಿಂದ ಜನ ನುಗ್ಗಿದರು. 2010ರಲ್ಲಿ ಚಂದಾದಾರರ ಸಂಖ್ಯೆ ಒಂದು ಕೋಟಿ ಇಪ್ಪತ್ತು ಲಕ್ಷವನ್ನು ದಾಟಿತು. ಆದರೆ ಒಳಗಿನ ಅಟ್ಟ ಮಾತ್ರ ಎತ್ತರದಲ್ಲಿಯೇ ಇತ್ತು. ಅಲ್ಲಿಯ ದೊಡ್ಡ ಕಾಳಗಗಳಿಗೆ ಮೊದಮೊದಲು ನಲವತ್ತು ಜನ ಒಂದೇ ಹೊತ್ತಿಗೆ ಕೂಡಬೇಕಾಗಿತ್ತು. ನಲವತ್ತು ಜನರನ್ನು ಒಂದು ಗಂಟೆಗೆ ಸರಿಯಾಗಿ ಸೇರಿಸುವ ಕಷ್ಟವನ್ನು ನಮ್ಮ ಊರಿನ ಯಾವ ಸಂಘದ ಕಾರ್ಯದರ್ಶಿಯನ್ನು ಕೇಳಿದರೂ ಹೇಳಿಯಾರು. ಹಾಗಾಗಿ ಆ ಅಟ್ಟವನ್ನು ಕೋಟಿ ಜನರಲ್ಲಿ ಅತ್ಯಲ್ಪ ಮಂದಿ ಮಾತ್ರ ಕಂಡರು.

ಇದೇ ಇಕ್ಕಟ್ಟನ್ನು ನಮ್ಮ ಕರಾವಳಿಯ ಆಟ ಹೇಗೆ ಬಗೆಹರಿಸಿಕೊಂಡಿತ್ತೆಂಬುದನ್ನು ಈಗ ವಿವರವಾಗಿ ನೋಡಬಹುದು.

ರಾತ್ರಿಯಿಡೀ ನಡೆಯುವ ಬಯಲಾಟಕ್ಕೆ ಬರುವವರೆಲ್ಲ ರಸಿಕರಲ್ಲ. ಕೆಲವರು ಜಾತ್ರೆಗೆಂದು ಬಂದು ಆಟಕ್ಕೆ ಕುಳಿತವರು; ಕೆಲವರು ನೆಂಟರನ್ನು ಕಾಣಲು ಬಂದವರು; ಮಕ್ಕಳು ಕಂಬಳಿ, ಚಾಪೆಗಳ ಮೇಲೆ ಮಲಗಲೆಂದೇ ಬಂದಂತಿರುತ್ತಾರೆ. ಅವರ ನಡುವೆಯೇ ಪ್ರಸಂಗದ ಪದ್ಯಗಳನ್ನೆಲ್ಲ ಬಾಯಿಪಾಠ ಬಲ್ಲ ಹಿರಿಯರೂ, ಚಂಡೆಯ ಒಂದು ಪೆಟ್ಟು ತಪ್ಪಿದರೂ ಮುಖ ಸಿಂಡರಿಸುವ ಬಲ್ಲವರೂ ಕುಳಿತಿರುತ್ತಾರೆ. ಇವರೆಲ್ಲರಿಗೂ ಒಂದೇ ರಂಗಸ್ಥಳ. ಹಾಸ್ಯಗಾರ ಬಂದಾಗ ಎಲ್ಲರೂ ನಗುತ್ತಾರೆ. ನಡುರಾತ್ರಿ ರಾಕ್ಷಸನ ಬಣ್ಣದ ವೇಷ ಆರ್ಭಟಿಸುತ್ತ ಪ್ರವೇಶಿಸುವಾಗ ಮಲಗಿದ್ದ ಮಕ್ಕಳೂ ಬೆಚ್ಚಿ ಎದ್ದು ಕೂರುತ್ತಾರೆ. ಅದು ಮುಗಿದ ಬಳಿಕ ಎರಡು ಪಾತ್ರಗಳು ಧರ್ಮಸೂಕ್ಷ್ಮದ ವಾದಕ್ಕೆ ತೊಡಗಿದರೆ ಮಕ್ಕಳು ಪುನಃ ಮಲಗುತ್ತಾರೆ, ಹಿರಿಯರು ಮುಂದಕ್ಕೆ ಬಾಗಿ ಕೇಳುತ್ತಾರೆ. ಯಾರನ್ನೂ ಹೊರಗೆ ಕಳುಹಿಸದೆ, ಯಾರಿಗಾಗಿಯೂ ಉಳಿದವರನ್ನು ಕೊನೆಯವರೆಗೆ ಕಾಯಿಸದೆ, ರಾತ್ರಿಯ ಹೊತ್ತನ್ನೇ ಹಂಚಿ ಕೊಡುವ ಜಾಣತನವಿದು.

ನೋಡುವವರ ಮಾತು ಹೀಗಾದರೆ ಆಡುವವರ ಮಾತು ಇನ್ನೂ ಸ್ವಾರಸ್ಯವಾದುದು. ಚೌಕಿಯಲ್ಲಿ ಗಣಪತಿಯ ಪೂಜೆಯಾಗಿ, ಜನ ಇನ್ನೂ ಒಬ್ಬೊಬ್ಬರಾಗಿ ಬಂದು ಕೂರುತ್ತಿರುವಾಗಲೇ ಪೂರ್ವರಂಗ ಆರಂಭವಾಗುತ್ತದೆ. ಮೊದಲು ಕೋಡಂಗಿ, ಅನಂತರ ಬಾಲಗೋಪಾಲ, ಅನಂತರ ಪೀಠಿಕೆಯ ಸ್ತ್ರೀವೇಷ. ಕೋಡಂಗಿ, ಬಾಲಗೋಪಾಲ ವೇಷಗಳನ್ನು ಕಟ್ಟುವವರು ಹೆಚ್ಚಾಗಿ ಮೇಳಕ್ಕೆ ಹೊಸದಾಗಿ ಸೇರಿದ ಹುಡುಗರು. ಅವರಿಗೆ ದೊಡ್ಡ ಮಾತುಗಾರಿಕೆಯ ಹೊರೆಯಿಲ್ಲ. ತಾಳಕ್ಕೆ ಸರಿಯಾಗಿ ಹೆಜ್ಜೆಯಿಟ್ಟರೆ ಸಾಕು. ಹಾಡುವವರೂ ಆ ಹೊತ್ತಿಗೆ ಸಾಮಾನ್ಯವಾಗಿ ಮುಖ್ಯ ಭಾಗವತರಲ್ಲ, ಇನ್ನೂ ಕಲಿಯುತ್ತಿರುವ ಭಾಗವತರು. ಪ್ರೇಕ್ಷಕರಲ್ಲಿ ಅರ್ಧ ಮಂದಿ ಸೇಂಗಾ ಕೊಳ್ಳುವುದರಲ್ಲಿ, ಜಾಗ ಹಿಡಿಯುವುದರಲ್ಲಿ ಮಗ್ನರಾಗಿರುವುದರಿಂದ ಹುಡುಗನ ಹೆಜ್ಜೆ ತಪ್ಪಿದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ. ಆದರೆ ಚೌಕಿಯ ಬಾಗಿಲಲ್ಲಿ ಅರ್ಧ ಬಣ್ಣ ಬಳಿದುಕೊಂಡು ನಿಂತ ಹಿರಿಯ ಕಲಾವಿದನ ಕಣ್ಣು ಅದನ್ನು ಗಮನಿಸಿರುತ್ತದೆ.

ಅಲ್ಲಿಂದ ಏಣಿ ಮೇಲಕ್ಕೆ ಹೋಗುತ್ತದೆ. ಚಿಕ್ಕಪುಟ್ಟ ವೇಷಗಳು, ದೂತ, ಸಖಿ, ಮುಂದೆ ಬಿರುಸು ಕುಣಿತದ ಪುಂಡುವೇಷಗಳು, ಅದರಾಚೆ ಪುರುಷವೇಷ, ಕಟ್ಟಕಡೆಗೆ ಮೇಳದ ಪ್ರಧಾನ ವೇಷ. ಈ ಪ್ರಧಾನ ವೇಷಧಾರಿಯನ್ನು ‘ಎರಡನೆಯ ವೇಷ’ವೆಂದು ಕರೆಯುವ ವಾಡಿಕೆಯುಂಟು. ಹಾಗಾದರೆ ಮೊದಲನೆಯ ವೇಷ ಯಾರು? ಬಣ್ಣ ಹಚ್ಚದೆ, ಕಿರೀಟ ತೊಡದೆ, ಜಾಗಟೆ ಹಿಡಿದು ಕುಳಿತ ಭಾಗವತನೇ ಮೊದಲನೆಯ ವೇಷವೆಂದು ಬಲ್ಲವರು ಹೇಳುತ್ತಾರೆ. ಹೊನ್ನಾವರ ತಾಲ್ಲೂಕಿನ ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ಭಸ್ಮಾಸುರ, ಕೀಚಕರಂಥ ಪಾತ್ರಗಳಲ್ಲಿ ಅಪಾರ ಕೀರ್ತಿ ಪಡೆದು 2012ರಲ್ಲಿ ಪದ್ಮಶ್ರೀ ಪ್ರಶಸ್ತಿಗೆ ಪಾತ್ರರಾದರು, 2017ರಲ್ಲಿ ತೀರಿಕೊಂಡರು. ಅಂಥ ಹಿರಿಯರು ಶಿಖರವಾಗಿ ನಿಂತಿದ್ದ ರಂಗಸ್ಥಳದ ಮೇಲೆಯೇ ಹೊಸ ಹುಡುಗನೂ ಅದೇ ರಾತ್ರಿ ಗೆಜ್ಜೆ ಕಟ್ಟುತ್ತಿದ್ದನು. ಮೇಲಿನ ಮೆಟ್ಟಿಲು ಕೆಳಗಿನವನಿಗೆ ದಿನವೂ ಕಣ್ಣಿಗೆ ಬೀಳುತ್ತಿತ್ತು. ನನ್ನ ಎಣಿಕೆಯಲ್ಲಿ ಆ ವ್ಯವಸ್ಥೆಯ ಗುಟ್ಟು ಇರುವುದು ಇಲ್ಲಿ.

ಭಾಗವತನ ಕೆಲಸವನ್ನು ಇನ್ನಷ್ಟು ಹತ್ತಿರದಿಂದ ನೋಡಬೇಕು. ಯಕ್ಷಗಾನದಲ್ಲಿ ಪದ್ಯ ಮಾತ್ರ ಬರೆದದ್ದು; ಮಾತು, ಅಂದರೆ ‘ಅರ್ಥ’, ಆಯಾ ಕಲಾವಿದನೇ ಆಗಿಂದಾಗ್ಗೆ ಕಲ್ಪಿಸಿಕೊಂಡು ಆಡತಕ್ಕದ್ದು. ಎದುರಿನ ವೇಷಧಾರಿ ಸಮರ್ಥನಾಗಿದ್ದು ಸಭೆಯೂ ಎಚ್ಚರವಾಗಿದ್ದರೆ ಭಾಗವತನು ಒಂದೇ ಪದ್ಯವನ್ನು ಎತ್ತಿ ಎತ್ತಿ ಹಾಡಿ ಕುಣಿತಕ್ಕೆ ಅವಕಾಶ ಕೊಡುತ್ತಾನೆ. ಹುಡುಗ ದಣಿದನೆಂದು ಕಂಡರೆ ಮುಕ್ತಾಯವನ್ನು ಹಿಡಿದು ಮುಂದಿನ ಪದ್ಯಕ್ಕೆ ಹೋಗುತ್ತಾನೆ. ಮಾತು ಹಳಿ ತಪ್ಪಿದರೆ ಅವನೇ ಒಂದು ಪ್ರಶ್ನೆ ಹಾಕಿ ದಾರಿಗೆ ತರುತ್ತಾನೆ. ಆಟದ ಕಷ್ಟವನ್ನು ಆಡುವವನ ಶಕ್ತಿಗೆ ತಕ್ಕಂತೆ ಕ್ಷಣಕ್ಷಣವೂ ಏರಿಸಿ ಇಳಿಸುವ ಕಾರ್ಯವಿದು.

ಗಣಕಯಂತ್ರದ ಆಟಗಳಲ್ಲಿ ಈ ಕಾರ್ಯವನ್ನು ಲೆಕ್ಕಾಚಾರ ಮಾಡುತ್ತದೆ. 2013ರಲ್ಲಿ ಹೊಸ ರೂಪದಲ್ಲಿ ಬಂದ ‘ಫೈನಲ್ ಫ್ಯಾಂಟಸಿ 14’ ಎಂಬ ಜಪಾನೀ ಆಟದ ಏರ್ಪಾಟು ಇದಕ್ಕೆ ಒಳ್ಳೆಯ ಉದಾಹರಣೆ. ಅದರಲ್ಲಿ ಎಷ್ಟೋ ಮೇಲೇರಿದ ನಿಪುಣನೂ ಕೆಳಮಟ್ಟದ ಕಾಳಗವೊಂದಕ್ಕೆ ಪ್ರವೇಶಿಸಿದರೆ ಅವನ ಬಲವನ್ನು ಆ ಮಟ್ಟಕ್ಕೆ ತಾನಾಗಿಯೇ ಇಳಿಸಲಾಗುತ್ತದೆ. ಹೊಸಬನ ಆಟವನ್ನು ಅವನು ಒಂದೇ ಏಟಿಗೆ ಮುಗಿಸಿಬಿಡುವಂತಿಲ್ಲ. ಗುಂಪಿನಲ್ಲಿ ಮೊದಲ ಸಲ ಅಲ್ಲಿಗೆ ಬಂದವನೊಬ್ಬನಿದ್ದರೆ ಉಳಿದವರಿಗೆ ಹೆಚ್ಚಿನ ಬಹುಮಾನವೂ ದೊರೆಯುತ್ತದೆ. ಹಿರಿಯ ವೇಷಧಾರಿ ಹೊಸ ಹುಡುಗನ ಎದುರು ನಿಂತಾಗ ತನ್ನ ಮಾತಿನ ಬೀಸನ್ನು ತಗ್ಗಿಸಿ, ಅವನು ಉತ್ತರ ಕೊಡಬಲ್ಲಂಥ ಪ್ರಶ್ನೆಯನ್ನೇ ಕೇಳುವುದುಂಟಲ್ಲವೆ? ಇದೂ ಅಂಥದೇ. ರಂಗಸ್ಥಳದ ಮೇಲೆ ಆ ಔದಾರ್ಯಕ್ಕೆ ಬಹುಮಾನವಿಲ್ಲ ಎಂಬುದಷ್ಟೇ ವ್ಯತ್ಯಾಸ. ಎಲ್ಲ ಹಿರಿಯರಲ್ಲಿಯೂ ಆ ಔದಾರ್ಯವಿರುವುದಿಲ್ಲವೆಂಬುದನ್ನೂ ಹೇಳಬೇಕು.

ಕಷ್ಟವನ್ನು ಆಡುವವನೇ ಆರಿಸಿಕೊಳ್ಳುವಂತೆ ಬಿಡುವುದು ಇನ್ನೊಂದು ಉಪಾಯ. ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ನ ಒಡೆಯರು 2008ರ ಹೊತ್ತಿಗೆ ದೊಡ್ಡ ಕಾಳಗಗಳನ್ನೆಲ್ಲ ಹತ್ತು ಅಥವಾ ಇಪ್ಪತ್ತೈದು ಜನ ಆಡುವಂತೆ ಮಾರ್ಪಡಿಸಿದರು. ಹಲವರಿಗೆ ಬಾಗಿಲು ತೆರೆಯಿತು. ಆದರೆ ನಿಪುಣರು ಇದು ತೀರ ಸಪ್ಪೆಯಾಯಿತೆಂದು ದೂರಿದರು. 2009ರಲ್ಲಿ ‘ಉಲ್ಡುವಾರ್’ ಎಂಬ ಕೋಟೆಯನ್ನು ಕಟ್ಟುವಾಗ ಅವರು ಒಂದು ಚಮತ್ಕಾರ ಮಾಡಿದರು. ಅಲ್ಲಿಯ ಒಂದು ಕೋಣೆಯಲ್ಲಿ ದೊಡ್ಡದಾದ ಕೆಂಪು ಗುಂಡಿಯೊಂದಿದ್ದು, ಅದನ್ನು ಒತ್ತಬಾರದೆಂಬ ಎಚ್ಚರಿಕೆಯೂ ಇತ್ತು. ಒತ್ತದೆ ಆಡಿದರೆ ಕಾಳಗ ಸಾಧಾರಣ. ಒತ್ತಿದರೆ ಬೆಂಕಿಯೆದ್ದು, ಕಾಲದ ಗಡುವು ಬಿದ್ದು, ಅದೇ ಕಾಳಗ ಹಲವು ಪಟ್ಟು ಕಠಿಣವಾಗುತ್ತಿತ್ತು. ಕೋಣೆ ಒಂದೇ, ಎದುರಾಳಿ ಒಬ್ಬನೇ; ಒತ್ತುವುದೂ ಬಿಡುವುದೂ ಆಡುವವರ ಇಚ್ಛೆ.

ನಮ್ಮಲ್ಲಿ ಇಂಥ ಗುಂಡಿಯಿರುವುದು ತಾಳಮದ್ದಲೆಯಲ್ಲಿ. ಮಳೆಗಾಲದಲ್ಲಿ ಬಯಲಾಟ ನಿಂತಾಗ ಮನೆಯ ಜಗಲಿಯಲ್ಲಿ, ದೇವಸ್ಥಾನದ ಚಂದ್ರಶಾಲೆಯಲ್ಲಿ ತಾಳಮದ್ದಲೆ ಸೇರುತ್ತದೆ. ವೇಷವಿಲ್ಲ, ಕುಣಿತವಿಲ್ಲ, ಭಾಗವತರ ಪದ್ಯ, ಮದ್ದಲೆ, ಕುಳಿತಲ್ಲಿಯೇ ಆಡುವ ಅರ್ಥ ಇಷ್ಟೇ. ತೋಟದ ಕೆಲಸ ಮುಗಿಸಿ ಬಂದ ಕೃಷಿಕರು, ಶಾಲೆಯ ಮಾಸ್ತರರು, ಅಂಗಡಿಯವರು ಅಂಗಿಯ ಮೇಲೊಂದು ಶಾಲು ಹೊದೆದು ಕುಳಿತರೆ ಅರ್ಜುನರೂ ಕರ್ಣರೂ ಆದರು. ಇದಕ್ಕಿಂತ ಸುಲಭವಾದ ಪ್ರವೇಶ ಬೇರೊಂದಿಲ್ಲ. ಆದರೆ ‘ವಾಲಿವಧೆ’ಯಂಥ ಪ್ರಸಂಗದಲ್ಲಿ ಬಾಣ ತಗಲಿ ಬಿದ್ದ ವಾಲಿಯ ಅರ್ಥಧಾರಿ, ಮರೆಯಲ್ಲಿ ನಿಂತು ಕೊಂದುದು ಯಾವ ಧರ್ಮವೆಂದು ರಾಮನನ್ನು ಕೇಳತೊಡಗಿದನೆಂದರೆ ಅದಕ್ಕೆ ಮಿತಿಯಿಲ್ಲ. ಕಥೆಯ ಕೊನೆ ಎಲ್ಲರಿಗೂ ಗೊತ್ತು, ವಾಲಿ ಸಾಯಲೇಬೇಕು. ಆದರೂ ಅಲ್ಲಿಯವರೆಗಿನ ವಾದದಲ್ಲಿ ರಾಮನ ಅರ್ಥಧಾರಿ ತತ್ತರಿಸಬಹುದು. ಇಬ್ಬರೂ ಬಯಸಿದರೆ ಹತ್ತು ನಿಮಿಷದಲ್ಲಿ ಮುಗಿಯುವ ಸಂವಾದ, ಇಬ್ಬರೂ ಹಟ ತೊಟ್ಟರೆ ಗಂಟೆಗಟ್ಟಲೆ ಬೆಳೆಯುತ್ತದೆ.

ಸುಲಭವನ್ನೂ ಕಠಿಣವನ್ನೂ ಒಂದೇ ಕೋಣೆಯಲ್ಲಿ ಇಡುವುದು ಹೀಗೆ. ಅವೆರಡನ್ನು ಬೇರೆ ಬೇರೆ ಕೋಣೆಗಳಿಗೆ ಹಾಕಿಬಿಡುವ ದಾರಿಯೂ ಉಂಟು. 2011ರ ಕೊನೆಯಲ್ಲಿ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಅದನ್ನು ಹಿಡಿಯಿತು. ಬಿಡುವಿರುವವರು ಒಂದು ಗುಂಡಿ ಒತ್ತಿದರೆ ಯಂತ್ರವೇ ಇಪ್ಪತ್ತೈದು ಅಪರಿಚಿತರನ್ನು ಕೂಡಿಸಿ, ಕಥೆಯ ಕೊನೆಯ ಕಾಳಗವನ್ನು ಸುಲಭ ರೂಪದಲ್ಲಿ ಆಡಿಸುತ್ತಿತ್ತು. ಹಿಂದೆ ಆ ಅಟ್ಟವನ್ನು ಕಾಣದಿದ್ದ ಅಸಂಖ್ಯ ಜನ ಅದನ್ನು ಕಂಡರು. ಇದು ಸಣ್ಣ ಲಾಭವಲ್ಲ. ಆದರೆ ಅಪರಿಚಿತರು ಪರಸ್ಪರ ಒಂದು ಮಾತೂ ಆಡದೆ ಬಂದು ಹೋಗತೊಡಗಿದರು; ಯಾರು ಯಾರಿಂದಲೂ ಕಲಿಯುವ ಅವಶ್ಯಕತೆ ಉಳಿಯಲಿಲ್ಲ. 2019ರ ಆಗಸ್ಟಿನಲ್ಲಿ ಅದೇ ಸಂಸ್ಥೆ ತನ್ನ ಆಟದ ಹಳೆಯ, ನಿಧಾನವಾದ, ತೊಡಕಿನ ರೂಪವನ್ನು ಮರಳಿ ತೆರೆದಾಗ ಒಳಹೋಗಲು ಜನ ಗಂಟೆಗಟ್ಟಲೆ ಸರದಿಯಲ್ಲಿ ಕಾದರು. ಅವರಲ್ಲಿ ಹಲವರಿಗೆ ಬೇಕಾಗಿದ್ದುದು ಕಷ್ಟಕ್ಕಿಂತ ಹೆಚ್ಚಾಗಿ, ಕಷ್ಟದ ನೆಪದಲ್ಲಿ ಒದಗುತ್ತಿದ್ದ ಒಡನಾಟವೆಂದು ನಾನು ತಿಳಿಯುತ್ತೇನೆ.

ಇನ್ನು ಹೊತ್ತಿನ ಪ್ರಶ್ನೆ. ಅಂತರಜಾಲದ ಆಟಕ್ಕೆ ಮಂಗಳವಿಲ್ಲ. ಆಡುವವನು ಮಲಗಿದರೂ ಆ ಜಗತ್ತು ನಡೆಯುತ್ತಲೇ ಇರುತ್ತದೆ. ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಪರೀಕ್ಷೆಯ ಹಂತದಲ್ಲಿದ್ದಾಗ, ಬಹಳ ಹೊತ್ತು ಆಡಿದವನಿಗೆ ದೊರೆಯುವ ಅನುಭವಾಂಕ ಅರ್ಧಕ್ಕೆ ಇಳಿಯುವಂತೆ ಮಾಡಲಾಗಿತ್ತು. ಇದು ದಂಡನೆಯೆಂದು ಆಡುವವರು ಸಿಟ್ಟಾದರು. ಆಗ ಲೆಕ್ಕವನ್ನು ಹಾಗೆಯೇ ಇಟ್ಟು ಹೆಸರನ್ನು ಬದಲಾಯಿಸಿದರು: ವಿಶ್ರಾಂತಿ ಪಡೆದು ಬಂದವನಿಗೆ ದುಪ್ಪಟ್ಟು ಅಂಕ, ವಿಶ್ರಾಂತಿಯ ಫಲ ತೀರಿದ ಮೇಲೆ ಸಾಮಾನ್ಯ ಅಂಕ. ಸಿಟ್ಟು ಇಳಿದುಹೋಯಿತು. ದಿನಕ್ಕೆ ಒಂದೆರಡು ಗಂಟೆ ಮಾತ್ರ ಬಿಡುವಿರುವವನು ತೀರ ಹಿಂದೆ ಬೀಳದಂತೆ ಇದು ಕಾಯುತ್ತದೆ. ಆದರೆ ಎಲ್ಲ ಏರ್ಪಾಟುಗಳೂ ಇಷ್ಟು ಒಳ್ಳೆಯವಲ್ಲ. ದಿನವೂ ಬಂದರೆ ಮಾತ್ರ ಬಹುಮಾನ, ಒಂದು ದಿನ ತಪ್ಪಿದರೆ ನಷ್ಟ ಎಂಬ ನಿಯಮಗಳನ್ನು ಅನೇಕ ಆಟಗಳಲ್ಲಿ ಕಾಣಬಹುದು. ಅವುಗಳ ಉದ್ದೇಶ ಆಡುವವನನ್ನು ಕಟ್ಟಿಹಾಕುವುದೇ ಆಗಿದೆ. ಚೀನಾ ದೇಶವು 2021ರಲ್ಲಿ ಹದಿನೆಂಟು ವರ್ಷದೊಳಗಿನವರು ಶುಕ್ರವಾರ, ಶನಿವಾರ, ಭಾನುವಾರ ಮತ್ತು ರಜಾದಿನಗಳಲ್ಲಿ ರಾತ್ರಿ ಎಂಟರಿಂದ ಒಂಬತ್ತರವರೆಗೆ ಮಾತ್ರ ಇಂಥ ಆಟಗಳನ್ನು ಆಡಬಹುದೆಂದು ಕಟ್ಟಳೆ ಮಾಡಿತು.

ಯಕ್ಷಗಾನಕ್ಕೂ ಹೊತ್ತಿನ ಕಟ್ಟು ಬಂದಿದೆ, ಆದರೆ ಬೇರೆ ಕಾರಣದಿಂದ. ಬೆಳಿಗ್ಗೆ ಕಚೇರಿಗೆ, ಕಾಲೇಜಿಗೆ ಹೋಗಬೇಕಾದವನು ರಾತ್ರಿಯಿಡೀ ಎಚ್ಚರವಿರಲಾರನು. ರಾತ್ರಿ ಹತ್ತರ ಮೇಲೆ ಧ್ವನಿವರ್ಧಕವನ್ನು ಬಳಸಲು ಕಾನೂನಿನ ನಿರ್ಬಂಧವುಂಟು. ಹೀಗಾಗಿ ಮೂರು ನಾಲ್ಕು ಗಂಟೆಗಳಲ್ಲಿ ಮುಗಿಯುವ ‘ಕಾಲಮಿತಿ’ಯ ಆಟಗಳು ಬೆಳೆದಿವೆ. ಹೊಸ ಪ್ರೇಕ್ಷಕನಿಗೆ ಇದರಿಂದ ಅನುಕೂಲವಾಗಿದೆ; ಪ್ರಸಂಗದ ಬಿಗಿಯೂ ಹೆಚ್ಚಿದೆ. ಆದರೆ ಹೊತ್ತನ್ನು ಕತ್ತರಿಸುವಾಗ ಮೊದಲು ಕತ್ತರಿ ಬೀಳುವುದು ಪೂರ್ವರಂಗಕ್ಕೆ. ಕೋಡಂಗಿ, ಬಾಲಗೋಪಾಲರು ಪ್ರೇಕ್ಷಕರಿಗೆ ಅಷ್ಟೇನೂ ಮುಖ್ಯರಲ್ಲವಾದುದರಿಂದ ಅವರ ಅಭಾವ ಯಾರಿಗೂ ಕಾಣುವುದಿಲ್ಲ. ಕಾಣದೆ ಹೋದುದು ಏಣಿಯ ಕೆಳಗಿನ ಮೆಟ್ಟಿಲು. ಮೂರು ಗಂಟೆಯ ಆಟದಲ್ಲಿ ಪ್ರತಿ ಕ್ಷಣವೂ ಬೆಲೆಯುಳ್ಳದ್ದು. ತಪ್ಪು ಹೆಜ್ಜೆಯಿಡುವ ಹುಡುಗನಿಗೆ ಅಲ್ಲಿ ಎಡೆಯೆಲ್ಲಿ?

ಹೊನ್ನಾವರ ತಾಲ್ಲೂಕಿನ ಗುಣವಂತೆಯಲ್ಲಿ ಈ ಪ್ರಶ್ನೆಗೆ ಒಂದು ಬಗೆಯ ಉತ್ತರವನ್ನು ಹುಡುಕಲಾಗಿದೆ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿಯನ್ನು ಸ್ಥಾಪಿಸಿದರು. ಅವರ ಪುತ್ರ ಶಂಭು ಹೆಗಡೆಯವರ ಕಾಲದಲ್ಲಿ ಮಂಡಳಿಯು ಚಿಕ್ಕ ಅವಧಿಯ ಪ್ರದರ್ಶನಗಳನ್ನು ದೇಶವಿದೇಶಗಳಲ್ಲಿ ನೀಡಿತು. ಅದೇ ಶಂಭು ಹೆಗಡೆಯವರು 1986ರಲ್ಲಿ ಗುಣವಂತೆಯಲ್ಲಿ ಶ್ರೀಮಯ ಯಕ್ಷಗಾನ ಕಲಾಕೇಂದ್ರವೆಂಬ ಶಾಲೆಯನ್ನು ತೆರೆದರು. 2009ರಲ್ಲಿ ಅವರು ತೀರಿಕೊಂಡ ಬಳಿಕ ಅವರ ಪುತ್ರ ಶಿವಾನಂದ ಹೆಗಡೆಯವರು ಮಂಡಳಿಯನ್ನು ಮುನ್ನಡೆಸಿದರು. ರಾತ್ರಿಯ ಮೊದಲ ಜಾವದಲ್ಲಿ ರಂಗಸ್ಥಳದ ಮೇಲೆ ಕಲಿಯುತ್ತಿದ್ದ ತಾಳ, ಹೆಜ್ಜೆಗಳನ್ನು ಹುಡುಗರಿಗೆ ಗುರುವಿನ ಎದುರು ಹಗಲಿನಲ್ಲಿ ಕಲಿಸುವುದು ಇಂಥ ಶಾಲೆಯ ಕ್ರಮ. ಹೆಜ್ಜೆ ಇಲ್ಲಿ ಹೆಚ್ಚು ಶುದ್ಧವಾಗಿ ಬರುವುದೆಂಬುದರಲ್ಲಿ ಸಂದೇಹವಿಲ್ಲ. ಸೇಂಗಾ ತಿನ್ನುತ್ತ ಅತ್ತಿತ್ತ ನೋಡುವ ಜನರ ಮುಂದೆ, ಚೌಕಿಯ ಬಾಗಿಲಲ್ಲಿ ನಿಂತ ಹಿರಿಯನ ಕಣ್ಣೆದುರಿಗೆ ಗೆಜ್ಜೆ ಕಟ್ಟಿ ಹೊರಡುವ ಆ ಮೊದಲ ರಾತ್ರಿಯನ್ನು ಮಾತ್ರ ಶಾಲೆ ಕೊಡಲಾರದು. ಅದಕ್ಕೆ ಕಲಿತ ಹುಡುಗನು ಯಾವುದಾದರೊಂದು ಮೇಳವನ್ನೋ ಊರಿನ ಹವ್ಯಾಸಿ ಸಂಘವನ್ನೋ ಸೇರಬೇಕಾಗುತ್ತದೆ.